ಬೂದಿದಿಬ್ಬ ಹೇಳುವ ಕಥೆ

ಗದಗ-ಬೆಟಗೇರಿಯಿಂದ ಕೊಪ್ಪಳ, ಹೊಸಪೇಟೆ ಹಾದು ಬಳ್ಳಾರಿಗೆ ಹೋಗಿದ್ದೀರಾ? ಲಕ್ಷ್ಮೇಶ್ವರ, ಶಿರಹಟ್ಟಿಯವರಾದರೆ ಮುಂಡರಗಿಯ ಮೇಲೆ ಬಂದು ಅದೇ ದಾರಿ ಸೇರಬಹುದು. ಮುಂದಿನ ಸಲ ಬಳ್ಳಾರಿಗೆ ಮುನ್ನ ಸಿಗುವ ಕುಡತಿನಿಯಲ್ಲಿ ಇಳಿಯಿರಿ. ಅಲ್ಲಿ ಹೆದ್ದಾರಿಯ ಸಮೀಪವೇ ಬೂದಿಯ ದೊಡ್ಡ ದಿಬ್ಬವೊಂದಿದೆ.

ರಾಕ್ಷಸರನ್ನು ಸುಟ್ಟ ಬೂದಿಯೆಂದು ಹಿಂದಿನವರು ಇದನ್ನು ನಂಬಿದ್ದರು. ಹಂಪಿ ಬಳಿಯ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ವಾಲಿಯ ಚಿತಾಭಸ್ಮವೆನ್ನುತ್ತಾರೆ. ಬ್ರಿಟಿಷರ ಕಾಲದ ಕೆಲವರು ಜ್ವಾಲಾಮುಖಿಯ ಊಹೆ ಮಾಡಿದರು. ಇದು ದನದ ಸಗಣಿಯ ಬೂದಿ ಎಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಊಹೆಯನ್ನು ಖಚಿತಪಡಿಸಿದ್ದು ಮಣ್ಣಿನ ಪರೀಕ್ಷೆ. 1957ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ, ಪದರ ಪದರವಾದ ಬೂದಿಯ ನಡುವೆ ದನಗಳ ಗೊರಸಿನ ಗುರುತುಗಳೂ ಕಂಬ ನೆಟ್ಟ ಕುಳಿಗಳೂ ಸಿಕ್ಕವು. ಲಂಡನ್ನಿನ ಝೋಯ್ನರ್ ಅವರು ಬಳ್ಳಾರಿ ಸೀಮೆಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದು ಸಗಣಿಯದೇ ಎಂದು ತೋರಿಸಿದರು. ದನ ಮೇಯ್ದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಕಣಗಳಿರುತ್ತವೆ. ಹುಲ್ಲು ಜೀರ್ಣವಾದರೂ ಅವು ಸಗಣಿಯಲ್ಲಿ ಉಳಿಯುತ್ತವೆ. ಬೆಂಕಿಯ ಕಾವು ತೀವ್ರವಾದರೆ ಕರಗಿ ಗಾಜಿನಂತೆ ಗಟ್ಟಿಯಾಗುತ್ತವೆ. ಹೀಗಾಗಿ ಇದು ಒಂದು ದಿನದ ಬೆಂಕಿಯಲ್ಲ. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ದೊಡ್ಡಿಯಲ್ಲಿ ಸಗಣಿ ಕೂಡಿಸಿ, ಮತ್ತೆ ಮತ್ತೆ ಸುಟ್ಟು ಬೆಳೆಸಿದ ದಿಬ್ಬ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಗೆದಾಗ, ದೊಡ್ಡಿಯ ಜೊತೆಗೆ ಜನ ಬದುಕಿದ ನೆಲೆಯೂ ದನ ಕೊಯ್ದ ಜಾಗವೂ ಕಂಡವು.

ನಮ್ಮೂರುಗಳ ತಿಪ್ಪೆ, ಕುಳ್ಳು, ಒಲೆಯ ಬೂದಿಯನ್ನು ನೆನಪಿಸಿಕೊಳ್ಳಿ. ನಾವು ಬೇಡವೆಂದು ಚೆಲ್ಲುವುದೇ ನಾಳೆ ನಮ್ಮ ಬದುಕಿಗೆ ಸಾಕ್ಷಿ ನುಡಿಯಬಹುದು.

ಆದರೆ ಎಷ್ಟೋ ಬೂದಿದಿಬ್ಬಗಳನ್ನು ಹೊಲಕ್ಕೆ ಗೊಬ್ಬರವೆಂದು, ರಸ್ತೆಗೆ ಮಣ್ಣೆಂದು ಅಗೆದು ಸಾಗಿಸಲಾಗಿದೆ. ಬೂದಿಯನ್ನು ಮರಳಿ ತಂದು ಸುರಿಯಬಹುದು, ಪದರಗಳನ್ನು ಮರಳಿ ತರಲಾಗದು. ಯಾವುದರ ಮೇಲೆ ಯಾವುದಿತ್ತು ಎಂಬುದೇ ಅಲ್ಲಿ ಬರೆದ ಅಕ್ಷರ. ಕಲಸಿಹೋದರೆ ಓದುವವರಿಲ್ಲ.

ಭೂಮಿಯಲ್ಲಿ ಸಂಚರಿಸಿ, ಗತಿಸಿದವರ ಕುರುಹುಗಳನ್ನು ನೋಡಿ ಚಿಂತಿಸುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಮಕ್ಕಳನ್ನು ಕರೆದೊಯ್ಯಿರಿ. ಕಣ್ಣಾರೆ ನೋಡಲಿ, ಆದರೆ ಒಂದು ಹಿಡಿ ಬೂದಿಯನ್ನೂ ಮನೆಗೆ ತರದಿರಲಿ.