ಎಣ್ಣೆ ಕಾಯುವ ತನಕ

ಧನುರ್ಮಾಸ ಕಾಲಿಟ್ಟಿತೆಂದರೆ ನಮ್ಮ ಕಂದಿಕೆರೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಗಳು ಅಂಗಳದ ಬಿಸಿಲಿಗೆ ಬರುತ್ತವೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ದ್ರವಗಳ ಪಾಠ ಮಾಡುವಾಗ ನಾನು ಈ ಬಾಟಲಿಯನ್ನೂ ಜೊತೆಗೊಂದು ಹರಳೆಣ್ಣೆಯ ಬಾಟಲಿಯನ್ನೂ ತರಗತಿಗೆ ತರುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೆಪ್ಪುಗಟ್ಟುವುದು ಬೇರೆ, ಮಂದವಾಗುವುದು ಬೇರೆ ಎಂದು ತೋರಿಸುವುದಕ್ಕಾಗಿ ಆ ಎರಡು ಬಾಟಲಿಗಳು. ಹರಿಯುವುದಕ್ಕೆ ದ್ರವವು ಒಡ್ಡುವ ಪ್ರತಿರೋಧವೇ ಸ್ನಿಗ್ಧತೆ. ಉಷ್ಣತೆ ಏರಿದಂತೆ ದ್ರವದ ಸ್ನಿಗ್ಧತೆ ಇಳಿಯುತ್ತದೆ. ಈ ವಾಕ್ಯವನ್ನು ಎಷ್ಟು ವರ್ಷ, ಎಷ್ಟು ಮಕ್ಕಳಿಂದ ಬರೆಯಿಸಿದೆನೋ! ಅದು ನನಗೇ ನಾಟಿದ್ದು ಮಾತ್ರ ನಿವೃತ್ತನಾದ ಮೇಲೆ, ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಜನವರಿಯ ಒಂದು ಬೆಳಿಗ್ಗೆ.

ಅಲ್ಲಿ ನನ್ನ ತಂಗಿಯ ಮಗ ಕೆಲಸದಲ್ಲಿದ್ದಾನೆ. ಅವನಿಗೆ ಕಾರಿನ ಹುಚ್ಚು. ಹಳೆಯದೊಂದು ಬಿಎಂಡಬ್ಲ್ಯೂ ಎಂ3 ಕಾರನ್ನು ಕೊಂಡು ಮಗುವಿನಂತೆ ಸಾಕಿದ್ದಾನೆ. ಅಂದು ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಚಳಿ. ವೇಗಮಿತಿಯಿಲ್ಲದ ಹೆದ್ದಾರಿಯನ್ನು ನೋಡಬೇಕೆಂಬ ಆಸೆಯಿಂದ ನಾನು ಕುಳಿತಿದ್ದರೆ, ಇವನು ನಮ್ಮೂರಿನ ಎತ್ತಿನ ಗಾಡಿಯಂತೆ ಹೊಡೆಯತೊಡಗಿದ. “ಏನಪ್ಪಾ, ಇಷ್ಟಕ್ಕೇ ಇಷ್ಟು ದೊಡ್ಡ ಕಾರು ಬೇಕಿತ್ತೇ?” ಎಂದೆ. “ಸ್ವಲ್ಪ ತಡೀರಿ ಮಾವ, ಎಣ್ಣೆ ಇನ್ನೂ ಕಾದಿಲ್ಲ” ಎಂದು ಮೀಟರಿನತ್ತ ಬೆರಳು ತೋರಿಸಿದ.

ಎಂಜಿನ್ನಿನ ಸುತ್ತುಗಳನ್ನು ತೋರುವ ಆ ಮೀಟರಿನ ಅಂಚಿನಲ್ಲಿ ಸಾಲಾಗಿ ದೀಪಗಳು ಉರಿಯುತ್ತಿದ್ದವು. ಎಣ್ಣೆ ತಣ್ಣಗಿರುವಾಗ ಹೆಚ್ಚು ದೀಪಗಳು ಹತ್ತಿಕೊಂಡು, ಇದಕ್ಕಿಂತ ಜೋರಾಗಿ ಎಂಜಿನ್ ತಿರುಗಿಸಬೇಡ ಎಂದು ಎಚ್ಚರಿಸುತ್ತವೆ. ಎಣ್ಣೆ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಎಣ್ಣೆಯ ಉಷ್ಣತೆಗೆಂದೇ ಬೇರೊಂದು ಮುಳ್ಳು. ನೀರಿನ ಮುಳ್ಳು ಬೇಗನೆ ನಡುಭಾಗಕ್ಕೆ ಬಂದು ನಿಂತಿತು. ಎಣ್ಣೆಯ ಮುಳ್ಳು ಆಗಿನ್ನೂ ಅಲುಗಾಡಿರಲಿಲ್ಲ. ನೀರು ಕಾದಿತೆಂದು ಎಂಜಿನ್ ಕಾದಿತೆಂದುಕೊಳ್ಳುವುದೇ ಹಲವರು ಮಾಡುವ ತಪ್ಪು ಎಂದು ಅವನು ಹೇಳಿದ.

ಮುಂದಿನದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಆ ಎಂಜಿನ್ನಿಗೆ ಹಾಕುವುದು 10ಡಬ್ಲ್ಯೂ-60 ಎಂಬ ಎಣ್ಣೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಕೊನೆಯ 60 ಎಂಬುದು 100 ಡಿಗ್ರಿಯಲ್ಲಿ ಅದು ಎಷ್ಟು ಮಂದವೆಂಬುದರ ದರ್ಜೆ. ಬಿಸಿಯಲ್ಲಿ ನೀರಾಗಿಬಿಡದೆ ಲೋಹಕ್ಕೂ ಲೋಹಕ್ಕೂ ನಡುವೆ ಪದರವಾಗಿ ನಿಲ್ಲಲೆಂದು ಇಂಥ ಗಟ್ಟಿ ಎಣ್ಣೆ. ಆದರೆ ಅದೇ ಎಣ್ಣೆ ಕೊರೆಯುವ ಚಳಿಯಲ್ಲಿ ಜೇನಿನಂತಾಗುತ್ತದೆ. ಪಂಪು ತಳ್ಳಿದರೂ ಬೇರಿಂಗುಗಳ ಸಂದುಗೊಂದುಗಳಿಗೆ ಬೇಗ ತಲುಪದು. ಒತ್ತಡ ಮಿತಿಮೀರಿ ಕವಾಟ ತೆರೆದುಕೊಳ್ಳುತ್ತದೆ, ಎಣ್ಣೆಯ ಒಂದು ಪಾಲು ಹೋಗಬೇಕಾದಲ್ಲಿಗೆ ಹೋಗದೆ ಹಿಂದಿರುಗುತ್ತದೆ. ಆಗಲೇ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗಿಸಿದರೆ ಲೋಹ ಲೋಹವನ್ನೇ ಉಜ್ಜುತ್ತದೆ. ಅಂದು ಏನೂ ಕಾಣಿಸುವುದಿಲ್ಲ. ಸವೆತ ಒಳಗೇ ಉಳಿಯುತ್ತದೆ.

ಹಾಗಾದರೆ ಮನೆಯ ಮುಂದೆಯೇ ಎಂಜಿನ್ ಹಾಕಿಟ್ಟು ಕಾಯಬಹುದಲ್ಲ ಎಂದು ಕೇಳಿದೆ. ಬೇಡವಂತೆ. ಸುಮ್ಮನೆ ನಿಂತ ಎಂಜಿನ್ ಬಹಳ ನಿಧಾನವಾಗಿ ಕಾಯುತ್ತದೆ. ಆ ಹೊತ್ತಿನಲ್ಲಿ ಉರಿಯದ ಪೆಟ್ರೋಲು, ನೀರಿನ ಹನಿ ಎಣ್ಣೆಗೆ ಸೇರಿ ಅದನ್ನು ಕೆಡಿಸುತ್ತವೆ. ಅನವಶ್ಯಕವಾಗಿ ಹಾಗೆ ಓಡಿಸುವುದಕ್ಕೆ ಅಲ್ಲಿ ಕಾನೂನಿನ ಅಡ್ಡಿಯೂ ಇದೆ. ಕೆಲಸ ಕೊಡಬೇಕು, ಆದರೆ ಹಗುರವಾದ ಕೆಲಸ. ಮೆಲ್ಲನೆ ನಡೆಸುತ್ತ ನಡೆಸುತ್ತಲೇ ಬಿಸಿಯಾಗಲು ಬಿಡಬೇಕು. ಎಣ್ಣೆಯ ಮುಳ್ಳು 80 ದಾಟುವ ಹೊತ್ತಿಗೆ ಅರ್ಧ ದಾರಿ ಮುಗಿದಿತ್ತು. ಆಮೇಲೆ ಅವನು ಓಡಿಸಿದ ಓಟವನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದರೆ ಅಂದು ಮನಸ್ಸು ಓಟದಲ್ಲಿರಲಿಲ್ಲ. ತೋಟದ ಡೀಸೆಲ್ ಪಂಪಿಗೆ ಹ್ಯಾಂಡಲ್ ಹೊಡೆದು, ಒಡನೆಯೇ ವೇಗ ಏರಿಸದೆ, ಅದು ಡುಗುಡುಗು ಎನ್ನುತ್ತಿರುವಾಗ ತೆಂಗಿನ ಪಾತಿಗಳನ್ನು ಸರಿಮಾಡುತ್ತಿದ್ದ ನಮ್ಮ ತಂದೆ ನೆನಪಾದರು. “ಅದಕ್ಕೂ ಮೈ ಬೆಚ್ಚಗಾಗ್ಬೇಕು ಕಣೋ” ಎನ್ನುತ್ತಿದ್ದರು. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ನಾನು ನಕ್ಕಿದ್ದೆ.

ಅವರ ಹಿಂದೆಯೇ ಇನ್ನೊಬ್ಬನೂ ನೆನಪಾದ. ಹತ್ತನೆಯ ತರಗತಿಗೆ ನಾನು ಬೆಳಿಗ್ಗೆ ವಿಶೇಷ ತರಗತಿ ನಡೆಸುತ್ತಿದ್ದ ಕಾಲ. ಮದಲಿಂಗನ ಕಣಿವೆಯ ಕಡೆಯಿಂದ ಕೊರೆಯುವ ಗಾಳಿ. ಮೂರು ಮೈಲಿ ನಡೆದು ಬರುತ್ತಿದ್ದ ಒಬ್ಬ ಹುಡುಗ, ಸ್ವೆಟರ್ ಇಲ್ಲದವನು. ಬಂದು ಕೂರುವ ಮೊದಲೇ ಅವನನ್ನು ಕಪ್ಪುಹಲಗೆಗೆ ಕರೆದು ಪ್ರಮೇಯವೊಂದನ್ನು ಸಾಧಿಸು ಎಂದೆ. ಸೀಮೆಸುಣ್ಣ ಅವನ ಬೆರಳುಗಳಲ್ಲಿ ನಿಲ್ಲಲಿಲ್ಲ. ತಣ್ಣಗಿದ್ದ ಆ ಗಿಣ್ಣುಗಳ ಮೇಲೆ ನಾನು ರೂಲುದೊಣ್ಣೆಯಿಂದ ಹೊಡೆದೆ. ಮರುದಿನದಿಂದ ಅವನು ಬೆಳಗಿನ ತರಗತಿಗೆ ಬರಲಿಲ್ಲ, ಗಣಿತದಲ್ಲಿ ಅನುತ್ತೀರ್ಣನಾದ. ‘ದಡ್ಡ’ ಎಂದು ನಾನು ಕೈತೊಳೆದುಕೊಂಡೆ. ಮೊದಲು ಒಂದು ಸುಲಭದ ಲೆಕ್ಕ ಕೊಟ್ಟು ಮೈ, ಮನಸ್ಸು ಬೆಚ್ಚಗಾಗಲು ಹತ್ತು ನಿಮಿಷ ಬಿಡಬಹುದಿತ್ತು. ಬಿ.ಎಡ್.ನಲ್ಲಿ ಪೂರ್ವಸಿದ್ಧತೆಯ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನು!

ಹಲವು ವರ್ಷಗಳ ಅನಂತರ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಬಳಿ ಬಸ್ಸು ತಪ್ಪಿ ನಿಂತಿದ್ದಾಗ ಲಾರಿಯೊಂದರಿಂದ ಅವನೇ ಇಳಿದು ಬಂದ. ಕಾಲು ಮುಟ್ಟಿ ನಮಸ್ಕರಿಸಿ, ಮುಂದಿನ ಸೀಟಿಗೆ ಹತ್ತಿಸಿಕೊಂಡ. ಎಂಜಿನ್ ಹಾಕಿದವನು ಒಡನೆ ಹೊರಡಲಿಲ್ಲ. “ತಡ್ಕಳಿ ಮೇಷ್ಟ್ರೆ, ಗಾಡಿ ಬೆಚ್ಚಗಾಗ್ಲಿ” ಎಂದ. ಚಿಕ್ಕನಾಯಕನಹಳ್ಳಿಯವರೆಗೂ ಮಾತನಾಡಿದೆವು, ಮಕ್ಕಳ ಓದು, ಕೊಬ್ಬರಿಯ ಧಾರಣೆ, ಮಳೆ... ಸ್ಟೇರಿಂಗ್ ಹಿಡಿದಿದ್ದ ಅವನ ಬೆರಳುಗಳ ಗಿಣ್ಣುಗಳನ್ನು ನಾನು ನೋಡುತ್ತಲೇ ಇದ್ದೆ. ಹೇಳಬೇಕಾಗಿದ್ದ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಹೆಪ್ಪುಗಟ್ಟಿತು.

ಈ ಬರಹ ಅವನ ಕಣ್ಣಿಗೆ ಬೀಳುವುದೋ ಇಲ್ಲವೋ ತಿಳಿಯದು. ಅವನ ಜೊತೆ ಓದಿದವರು ನಿಮ್ಮಲ್ಲಿದ್ದೀರಿ. ಗುರುತು ಸಿಕ್ಕವರು ಅವನಿಗೆ ತಿಳಿಸಿ: ಮೇಷ್ಟ್ರು ತಪ್ಪೊಪ್ಪಿಕೊಂಡಿದ್ದಾರೆ, ಮನೆಗೆ ಬರಲಿ ಎಂದು. ಬಾರದಿದ್ದರೆ ನಾನೇ ಹೋಗುತ್ತೇನೆ, ಅವನ ಊರಿನ ದಾರಿ ನನಗೆ ಗೊತ್ತು. ಮೂರು ಮೈಲಿ ತಾನೆ!