ಎಲ್ಲ 'ಮನೆ'ಯೂ ಮನೆಯಲ್ಲ (ಭಾಗ 4)

ಓದ್ತಿರೋದು ಬಿಕಾಂ. ಸರಸ್ವತಿಪುರಂ ಮನೆಯಲ್ಲಿ ಕೂತು ಯೂನಿಟಿಯಲ್ಲಿ ಮಾಡ್ತಿರೋದು ಚೌಕಾಬಾರ ಗೇಮ್. 25 ಮನೆಗಳ ಆಟ, ಹಾಗಾಗಿ ಕೋಡ್‌ನಲ್ಲೂ ವೇರಿಯಬಲ್ ಹೆಸರು 'ಮನೆ', ಇಂಗ್ಲಿಷ್ ಅಕ್ಷರದಲ್ಲಿ. ಹೊಸದಾಗಿ ಜೊತೆ ಸೇರಿದ ಗೆಳತಿಗೆ ಕನ್ನಡ ಬರಲ್ಲ. ಅದನ್ನ 'ಸ್ಕ್ವೇರ್' ಮಾಡಬೇಕಿತ್ತು.

ಫೈಂಡ್-ರಿಪ್ಲೇಸ್ ಒತ್ತಿದ್ರೆ ಕಥೆ ಮುಗೀತು. 'ಪರ್ಮನೆಂಟ್' ಸ್ಪೆಲಿಂಗ್ ಬರೆದು ನೋಡಿ, ಹೊಟ್ಟೆಯೊಳಗೇ ಒಂದು 'ಮನೆ' ಇದೆ! ಎಡಿಟರ್‌ನ ಎಫ್2 ರೀನೇಮ್ ಹಾಗಲ್ಲ. ಅದು ಅಕ್ಷರ ಹುಡುಕಲ್ಲ, ಅದೇ ವೇರಿಯಬಲ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಹುಡುಕುತ್ತೆ. ಟ್ಯಾಲಿಯಲ್ಲಿ ಲೆಡ್ಜರ್ ಹೆಸರು ಬದಲಿಸಿದ್ರೆ ಹಳೇ ವೋಚರ್‌ಗಳಲ್ಲೂ ಬದಲಾಗುತ್ತಲ್ಲ, ಹಾಗೆ.

ಆದ್ರೆ ಇನ್‌ಸ್ಪೆಕ್ಟರ್‌ನಲ್ಲಿ ತುಂಬಿದ ವ್ಯಾಲ್ಯೂಗಳು ಸೀನ್ ಫೈಲ್‌ನಲ್ಲಿ ಹಳೇ ಹೆಸರಲ್ಲೇ ಕೂತಿರ್ತವೆ. ವೇರಿಯಬಲ್ ಮೇಲೆ 'ಫಾರ್ಮರ್ಲಿ ಸೀರಿಯಲೈಸ್ಡ್ ಆ್ಯಸ್' ಅಂತ ಹಳೇ ಹೆಸರು ಕೊಟ್ಟರೆ ಅವು ಉಳೀತವೆ.

ನನಗೆ ಭಯ ಇದ್ದಿದ್ದು ಪ್ಲೇಯರ್‌ಪ್ರೆಫ್ಸ್ ಕೀ ಬಗ್ಗೆ. ಅಜ್ಜಿ ನನ್ನ ವಿರುದ್ಧ ಗೆದ್ದ 41 ಆಟದ ಲೆಕ್ಕ ಅವರ ಫೋನಲ್ಲಿ ಆ ಕೀ ಹೆಸರಲ್ಲೇ ಇದೆ. ಕಣ್ಣು ಮಂಜಾಗಿ ಈಗ ಆಡೋದು ಬಿಟ್ಟಿದಾರೆ. ಕೀ ಅಂದ್ರೆ ಕೊಟೇಶನ್ ಒಳಗಿನ ಬರೀ ಅಕ್ಷರ, ಎಫ್2 ಮುಟ್ಟಲ್ಲ. ಎಲ್ಲಾ ಒಂದೇ ಥರ ಇರ್ಲಿ ಅಂತ ನಮ್ಮ ಕೈಯೇ ತುರಿಸುತ್ತೆ, ಅಷ್ಟೇ.

ಗೆಳತಿ ಅದನ್ನೂ ಬದಲಿಸೋಣ ಅಂದ್ಲು. ನಾನು ಹುಬ್ಬಳ್ಳಿ ಕಥೆ ಹೇಳ್ದೆ: ಮೈಸೂರಿನ ಜೊತೆಗೇ ಅದರ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ಕ್ಕೆ ಬದಲಾಯ್ತು, ಸ್ಟೇಷನ್ ಕೋಡ್ ಮಾತ್ರ ಈಗಲೂ ಯುಬಿಎಲ್.

ಮೊದಲು ಗಿಟ್‌ನಲ್ಲಿ ಕಮಿಟ್, ಆಮೇಲೆ ರೀನೇಮ್. ಕೀ ಹಾಗೇ ಬಿಟ್ವಿ. ಅಪ್‌ಡೇಟ್ ಹಾಕಿ ಅಜ್ಜಿ ಫೋನ್ ತೆರೆದೆ. 41.