ನೀರಿಳಿಸುವ ಊರು, ನೀರುಳಿಸುವ ಊರು

ರಾಯದುರ್ಗ, ಮಡಕಶಿರಾ ಸೀಮೆಯವರಾದ ನಮಗೆ ನೀರೆಂಬುದು ಕೂಡಿಡಬೇಕಾದ ವಸ್ತುವೇ ಹೊರತು ಚೆಲ್ಲಬೇಕಾದ ವಸ್ತುವಲ್ಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಪ್ರದೇಶಕ್ಕೆ ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ರಾಯದುರ್ಗವು ಬಳ್ಳಾರಿಯನ್ನು ಬಿಟ್ಟು ಅನಂತಪುರ ಜಿಲ್ಲೆಗೆ ಸೇರಿತು. 2022ರಲ್ಲಿ ಮಡಕಶಿರಾವು ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಸರಿದರೂ ಬಚ್ಚಲಮನೆಯ ಹಂಡೆ, ಹಿತ್ತಿಲ ತೊಟ್ಟಿಗಳನ್ನು ತುಂಬಿಡುವ ನಮ್ಮ ಪದ್ಧತಿ ಸರಿಯಲಿಲ್ಲ. ಇಂಥ ನಾವು ದೂರದೇಶದಲ್ಲಿ ಕಂಡ ಸೋಜಿಗವೊಂದನ್ನು ವಾಚಕರ ಮುಂದಿಡುತ್ತಿದ್ದೇವೆ.

ದಸರಾ ರಜೆಗೆ ಇನ್ನಷ್ಟು ರಜೆಯನ್ನು ಜೋಡಿಸಿಕೊಂಡು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಕ್ಟೋಬರಿನ ಕೊನೆ, ಮೇಪಲ್ ಮರಗಳು ಕೆಂಪೇರಿ ಎಲೆಯುದುರಿಸುತ್ತಿದ್ದವು. ಮನೆಯ ಪಕ್ಕದಲ್ಲಿ ಅಳಿಯಂದಿರ ಮನೆಗಾಡಿ ನಿಂತಿತ್ತು. ಒಲೆ, ಮಂಚ, ಸ್ನಾನದ ಕೋಣೆ, ನೀರಿನ ತೊಟ್ಟಿ, ಬಿಸಿನೀರಿನ ಬಾಯ್ಲರ್ ಎಲ್ಲವನ್ನೂ ಹೊತ್ತು ತಿರುಗುವ ಈ ವಾಹನವನ್ನು ಅಲ್ಲಿಯವರು ಆರ್.ವಿ. ಎನ್ನುತ್ತಾರೆ. ಅಳಿಯಂದಿರು ಅದರ ನೀರನ್ನೆಲ್ಲ ಹೊರಕ್ಕೆ ಬಿಡುತ್ತಿದ್ದರು.

"ಇಷ್ಟು ಒಳ್ಳೆಯ ನೀರನ್ನು ಚೆಲ್ಲುವುದೇಕಪ್ಪಾ?" ಎಂದೆವು.

"ನೀರನ್ನು ಉಳಿಸಿಕೊಂಡರೆ ಗಾಡಿ ಉಳಿಯುವುದಿಲ್ಲ, ಮಾವ" ಎಂದರು.

ಶಾಲೆಯಲ್ಲಿ ನಾವೇ ಬೋಧಿಸುವ ಪಾಠವಿದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಆ ಒತ್ತಡಕ್ಕೆ ಕೊಳವೆ, ನಲ್ಲಿ, ಪಂಪು, ಬಾಯ್ಲರುಗಳು ಸೀಳಿಹೋಗುತ್ತವೆ. ಮಂಜು ಕಾಣದ ನಮ್ಮ ಮಕ್ಕಳಿಗೆ ಇದು ಬಾಯಿಪಾಠ. ಅಲ್ಲಿ ಇದು ಗೃಹಕೃತ್ಯ.

ಅಳಿಯಂದಿರು ಮೊದಲು ಬಾಯ್ಲರಿನ ವಿದ್ಯುತ್ತನ್ನೂ ಅನಿಲವನ್ನೂ ನಿಲ್ಲಿಸಿ ನೀರು ತಣಿಯುವವರೆಗೆ ಕಾದರು. ಒತ್ತಡವಿಳಿಸಿ ಕೆಳಗಿನ ಬಿರಡೆಯನ್ನು ಬಿಚ್ಚಿದೊಡನೆ ಸುಮಾರು 23 ಲೀಟರ್ ನೀರು ಸುಣ್ಣದ ಹರಳುಗಳೊಡನೆ ಹೊರಬಿತ್ತು. ಬಿರಡೆಗೆ ಅಂಟಿದ ಮೆಗ್ನೀಸಿಯಂ ಕಡ್ಡಿಯೊಂದಿತ್ತು. ತಾನು ಸವೆದು ಉಕ್ಕಿನ ತೊಟ್ಟಿಯನ್ನು ತುಕ್ಕಿನಿಂದ ಕಾಯುವುದು ಅದರ ಕೆಲಸ. ಬಳಿಕ ಬಾಯ್ಲರಿಗೆ ಹೋಗುವ ದಾರಿಯನ್ನು ವಾಲ್ವುಗಳಿಂದ ಮುಚ್ಚಿ, ಉಳಿದ ಕೊಳವೆಗಳಿಗೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ಹಾಯಿಸಿದರು. ಪ್ರತಿಯೊಂದು ನಲ್ಲಿಯಲ್ಲೂ ಬಣ್ಣ ಕಂಡ ಮೇಲೆಯೇ ಮುಂದಿನದಕ್ಕೆ ಹೋದರು. ಕಾರಿನ ಎಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷವಾದ್ದರಿಂದ ಅದು ಇಲ್ಲಿ ಸಲ್ಲದು.

ವಸಂತದಲ್ಲಿ ಇದೇ ಕ್ರಮ ತಿರುವುಮುರುವು. ಶುದ್ಧಜಲದಿಂದ ಕೊಳವೆಗಳನ್ನು ತೊಳೆದು, ಲೀಟರಿಗೆ ಒಂದು ಮಿಲಿಲೀಟರಿನಂತೆ ಸುಗಂಧವಿಲ್ಲದ ಬ್ಲೀಚನ್ನು ಬೆರೆಸಿದ ನೀರನ್ನು ಹನ್ನೆರಡು ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೆ ಮತ್ತೆ ತೊಳೆಯಬೇಕು. ಬಾಯ್ಲರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದ ಧಾರೆ ಬಂದ ಮೇಲೆಯೇ ಬಿಸಿಯೇರಿಸಬೇಕು. ಬರಿದಾದ ತೊಟ್ಟಿಗೆ ವಿದ್ಯುತ್ ಹರಿಸಿದರೆ ಒಳಗಿನ ತಂತಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.

ಹಿಮವಿಲ್ಲದ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ನಮ್ಮ ಊರುಗಳಲ್ಲಿಯೂ ಋತುವಿಗೊಮ್ಮೆ ಬೀಗ ಬೀಳುವ ಮನೆಗಳಿವೆ. ಮಳೆ ಕೈಕೊಟ್ಟಾಗ ಸಂಸಾರಗಳು ಬೆಂಗಳೂರಿನತ್ತ ಕೂಲಿಗೆ ಹೊರಡುತ್ತವೆ. ಬೀಗ ಹಾಕುತ್ತಾರೆ, ನೀರನ್ನು ಮರೆಯುತ್ತಾರೆ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಕೊಳವೆಬಾವಿಯ ಗಡಸು ನೀರು ಗೀಸರಿನ ತಳದಲ್ಲಿ ಸುಣ್ಣವಾಗಿ ಕೂರುತ್ತದೆ. ಮರಳಿದ ದಿನವೇ ಬರಿದಾದ ಗೀಸರಿನ ಗುಂಡಿ ಒತ್ತಿದವರ ಕಥೆ ಎಲ್ಲರಿಗೂ ತಿಳಿದದ್ದೇ. ಸೌರ ಹೀಟರಿನ ಗಾಜಿನ ಕೊಳವೆಗಳು ಬಿಸಿಲಿಗೆ ಬರಿದಾಗಿ ಕಾದಿರುವಾಗ ತಣ್ಣೀರು ಬಿಟ್ಟರೆ ಒಡೆಯುತ್ತವೆ. ಬೆಳಗಿನ ಜಾವದಲ್ಲಿಯೇ ತುಂಬಿಸಬೇಕು.

ಆದ್ದರಿಂದ ಊರು ಬಿಡುವ ಮುನ್ನ ಮೇಲ್ತೊಟ್ಟಿಯ ನೀರನ್ನು ಮನೆಯ ಗಿಡಕ್ಕೋ ನೆರೆಯವರ ಕೊಡಕ್ಕೋ ಕೊಟ್ಟು ಬರಿದು ಮಾಡೋಣ. ಗೀಸರಿನ ಸ್ವಿಚ್ಚನ್ನು ಆರಿಸೋಣ. ಹಿಂದಿರುಗಿದಾಗ ತೊಳೆದು, ತುಂಬಿಸಿ, ಆಮೇಲೆ ಬಿಸಿಮಾಡೋಣ. ಬರಗಾಲದಲ್ಲಿ ಮನೆ ಬಿಟ್ಟವನು ಹಿಂದಿರುಗಿದ ದಿನ ಕೈಯಲ್ಲಿರುವ ನಾಲ್ಕು ಕಾಸನ್ನು ಬೀಜಕ್ಕೆ ಖರ್ಚುಮಾಡುವಂತಾಗಬೇಕೇ ಹೊರತು ಒಡೆದ ಕೊಳವೆಗಲ್ಲ.